ಬಸ್ಸಿಗಾಗಿ ಬಿಟ್ಟ ಹನ್ನೆರಡನೇ ರೀಲು

ಹನ್ನೆರಡನೇ ನಂಬರಿನ ಡಬ್ಬಿಯ ಮುಚ್ಚಳದ ಮೇಲೆ ಸೀಮೆಸುಣ್ಣದಿಂದ ಅಡ್ಡ ಗೀಟು ಎಳೆದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಪ್ರಶಸ್ತಿ ಸಮಾರಂಭದ ಬಗ್ಗೆ ನಾಲ್ಕು ತಾಲೂಕುಗಳಲ್ಲಿ ಎಷ್ಟೋ ಮಾತು ಹಬ್ಬಿದವು. ಲಂಚ ಎಂದರು, ಜಾತಿ ಎಂದರು, ಬೆಂಗಳೂರಿನವರ ಕೈವಾಡ ಎಂದರು. ಈ ಗೀಟಿನ ವಿಷಯವನ್ನು ಮಾತ್ರ ಯಾರೂ ಎತ್ತಲಿಲ್ಲ, ಏಕೆಂದರೆ ಅದು ಗೊತ್ತಿದ್ದವರು ಇಬ್ಬರೇ ಎಂದು ಆಗ ತಿಳಿದಿದ್ದೆ: ನಾನು ಮತ್ತು ನಮ್ಮ ಮ್ಯಾನೇಜರು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬೈಲಹೊಂಗಲದ ಒಂದು ಟಾಕೀಸಿನಲ್ಲಿ ನಾನು ಆಪರೇಟರ್, ಅಂದರೆ ಪ್ರೊಜೆಕ್ಟರ್ ನಡೆಸುವವನು. ನಮ್ಮಲ್ಲಿ ಒಂದು ರೂಢಿಯಿತ್ತು. ಸಂತೆಯ ದಿನ ಮ್ಯಾಟ್ನಿ ಆಟಕ್ಕೆ ಹಳ್ಳಿಯ ಜನವೇ ತುಂಬಿರುತ್ತಿದ್ದರು. ಸವದತ್ತಿ, ಮನೋಳಿ, ರಾಮದುರ್ಗದ ಕಡೆಗೆ ಅವರಿಗೆ ಅನುಕೂಲವಾದ ಬಸ್ಸು ಐದು ಗಂಟೆಗೆ. ಚಿತ್ರ ಉದ್ದವಾಗಿದ್ದರೆ ಜನ ಕೊನೆಯ ಹತ್ತು ನಿಮಿಷ ಬಿಟ್ಟು ಚೀಲ ಹೊತ್ತುಕೊಂಡು ಓಡುತ್ತಿದ್ದರು. ಅಂತ್ಯ ನೋಡದವರು ಮುಂದಿನ ಸಂತೆಗೆ ಟಾಕೀಸಿಗೆ ಬರುವುದಿಲ್ಲ. ಅದಕ್ಕೆ ನಾವು ನಡುವಿನ ಒಂದು ರೀಲನ್ನು ಬಿಟ್ಟುಬಿಡುತ್ತಿದ್ದೆವು. ಅದನ್ನು ನಾವು ಬಸ್ ರೀಲು ಎನ್ನುತ್ತಿದ್ದೆವು.

ಯಾವ ರೀಲನ್ನು ಬಿಡಬೇಕೆಂದು ಆರಿಸುವುದು ನನ್ನ ಕೆಲಸ. ಹಾಡು ಹೋಗಬಾರದು, ಹೊಡೆದಾಟ ಹೋಗಬಾರದು, ಕಥೆಯ ಎಳೆ ಕಡಿಯಬಾರದು. ಹಿಂದಿನ ರೀಲಿನ ಕೊನೆಗೂ ಮುಂದಿನ ರೀಲಿನ ಮೊದಲಿಗೂ ಹೊಲಿಗೆ ಕಾಣದಂತೆ ಕೂಡಬೇಕು. ಹೊಸ ಚಿತ್ರ ಬಂದರೆ ನಾಲ್ಕೈದು ಆಟ ನೋಡಿ, ಹಾಳೆಯ ಮೇಲೆ ಬರೆದುಕೊಂಡು, ಆಮೇಲೆ ಡಬ್ಬಿಗೆ ಗೀಟು ಹಾಕುತ್ತಿದ್ದೆ. ನಾನು ಬಿಟ್ಟ ರೀಲು ಯಾರಿಗೂ ತಿಳಿಯುತ್ತಿರಲಿಲ್ಲ. ಅದು ನನ್ನ ಹೆಮ್ಮೆಯಾಗಿತ್ತು. ಈಗ ಹಾಗೆ ಬರೆಯಲು ಕೈ ತಡೆಯುತ್ತದೆ, ಆದರೆ ಆಗ ಹಾಗೆಯೇ ಇತ್ತು.

ಆ ಚಿತ್ರದ ಬಹುಭಾಗ ನಮ್ಮ ಕಡೆಯೇ, ಉಗರಗೋಳದಲ್ಲಿ ಮತ್ತು ಮನೋಳಿಯ ಹೊಳೆದಂಡೆಯಲ್ಲಿ ತೆಗೆದದ್ದು. ಹದಿನಾಲ್ಕು ರೀಲು. ಹನ್ನೊಂದನೆಯ ರೀಲಿನ ಕೊನೆಗೆ ಒಬ್ಬ ಪೊಲೀಸ್ ಅಧಿಕಾರಿ ತಪ್ಪಿಸಿಕೊಂಡ ಹುಡುಗನೊಬ್ಬನನ್ನು ಹುಡುಕಿಕೊಂಡು ಒಂದು ಮನೆಗೆ ಬರುತ್ತಾನೆ, ಬಾಗಿಲು ಮುಚ್ಚುತ್ತದೆ, ತೆರೆ ಕಪ್ಪಾಗುತ್ತದೆ. ಹದಿಮೂರನೆಯದರ ಮೊದಲಿಗೆ ಬೆಳಗಾಗಿದೆ, ಅವನ ಜೀಪು ಬರಿದೇ ವಾಪಸು ಹೋಗುತ್ತಿದೆ. ನಡುವಿನ ಹನ್ನೆರಡನೆಯದರಲ್ಲಿ ಇರುವುದು ಒಂದೇ ಅಡುಗೆಮನೆ. ಮುದುಕಿಯೊಬ್ಬಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಾಳೆ, ಅಧಿಕಾರಿ ಎದುರಿಗೆ ಕುಳಿತು ಕೇಳುತ್ತಾನೆ. ಅವಳು ಸುಳ್ಳೂ ಹೇಳುವುದಿಲ್ಲ, ನಿಜವೂ ಹೇಳುವುದಿಲ್ಲ. ಅವನು ಆ ಹುಡುಗನ ಹೆಸರೆತ್ತಿದಾಗ ಒಮ್ಮೆ ಮಾತ್ರ ಅವಳ ಕೈ ನಿಲ್ಲುತ್ತದೆ. ಮತ್ತೆ ಬಡಿತ ಶುರುವಾಗುತ್ತದೆ. ಅಷ್ಟೇ, ಹತ್ತು ನಿಮಿಷ. ತೆಗೆದರೂ ಕಥೆ ಕಡಿಯುವುದಿಲ್ಲ, ಜೀಪು ಹೇಗೂ ಬರಿದೇ ಹೋಗುತ್ತದೆ. ಅಷ್ಟು ಚೆನ್ನಾಗಿ ಕೂಡುವ ಬಸ್ ರೀಲು ನನಗೆ ಅದುವರೆಗೆ ಸಿಕ್ಕಿರಲಿಲ್ಲ.

ಆ ಮುದುಕಿಯ ಪಾತ್ರ ಮಾಡಿದವರು ಹಿಂದೆ ಕಂಪನಿ ನಾಟಕದಲ್ಲಿದ್ದವರು. ಕಂಪನಿ ನಿಂತ ಮೇಲೆ ಮನೋಳಿಯಲ್ಲಿ ತಂಗಿಯ ಮನೆಯಲ್ಲಿದ್ದರು. ನಾನು ಅವರನ್ನು ತೆರೆಯ ಮೇಲಲ್ಲದೆ ನೋಡಿರಲಿಲ್ಲ.

ಆ ವರ್ಷ ನಾಲ್ಕು ತಾಲೂಕಿನ ಕೇಬಲ್‌ನವರು ಮತ್ತು ಚಿತ್ರಪ್ರೇಮಿಗಳು ಕೂಡಿ ಸಿನಿಮಾ ಮತ್ತು ಧಾರಾವಾಹಿಗಳಿಗೆ ಪ್ರಶಸ್ತಿ ಕೊಡುವುದೆಂದು ಒಂದು ಸಮಿತಿ ಮಾಡಿದ್ದರು. ನಮ್ಮೂರಿನ ಕೇಬಲ್ ಆಪರೇಟರ್ ಅದರ ಕಾರ್ಯದರ್ಶಿ. ತೀರ್ಪುಗಾರರು ಮೂವರು: ಅಧ್ಯಕ್ಷರಾಗಿ ಕಿತ್ತೂರಿನ ನಿವೃತ್ತ ಹೆಡ್‌ಮಾಸ್ತರರು, ಸವದತ್ತಿಯ ಕಾಲೇಜಿನ ಒಬ್ಬ ಕನ್ನಡ ಉಪನ್ಯಾಸಕಿ, ರಾಮದುರ್ಗದ ಒಬ್ಬ ನಾಟಕ ಮಾಸ್ತರರು. ಧಾರಾವಾಹಿಗಳ ಕ್ಯಾಸೆಟ್ಟನ್ನು ಕಾರ್ಯದರ್ಶಿಯ ಆಫೀಸಿನಲ್ಲಿ ನೋಡಿದರು. ಚಿತ್ರಗಳನ್ನು ನಮ್ಮ ಟಾಕೀಸಿನಲ್ಲಿ, ಮ್ಯಾಟ್ನಿಗೆ ಮೊದಲು, ಬೆಳಿಗ್ಗೆ, ದಿನಕ್ಕೊಂದರಂತೆ ನೋಡಿದರು.

ಈ ಚಿತ್ರದ ಸರದಿ ಬಂದಾಗ ಅದು ನಮ್ಮಲ್ಲಿಂದ ಹೋಗಿ ಸವದತ್ತಿಯಲ್ಲಿ ಓಡುತ್ತಿತ್ತು. ರೀಲಿನ ಪೆಟ್ಟಿಗೆ ಬೆಳಗಿನ ಬಸ್ಸಿಗೆ ಬಂತು. ಅಲ್ಲಿಯ ಮ್ಯಾಟ್ನಿಗೆ ಸವ್ವಾ ಹನ್ನೆರಡರ, ಅಂದರೆ ಹನ್ನೆರಡೂಕಾಲಿನ, ಬಸ್ಸಿಗೆ ವಾಪಸು ಹೋಗಬೇಕಿತ್ತು. ಒಂಬತ್ತೂಕಾಲಿಗೆ ಶುರು ಮಾಡಬೇಕೆನ್ನುವಷ್ಟರಲ್ಲಿ ಕರೆಂಟು ಹೋಯಿತು. ಬಂದದ್ದು ಹತ್ತಕ್ಕೆ ಹತ್ತು ನಿಮಿಷ ಇದ್ದಾಗ. ಹದಿನಾಲ್ಕು ರೀಲಿಗೆ ಎರಡು ಗಂಟೆ ಇಪ್ಪತ್ತು ನಿಮಿಷ. ಲೆಕ್ಕ ಹಾಕಿದೆ: ಹನ್ನೆರಡೂ ಹತ್ತು. ಪೆಟ್ಟಿಗೆ ಕಟ್ಟಿ ಬಸ್ ಸ್ಟ್ಯಾಂಡಿಗೆ ಒಯ್ಯಲು ಐದು ನಿಮಿಷ ಸಾಲದು.

ಒಂಬತ್ತನೇ ರೀಲು ಓಡುತ್ತಿರುವಾಗ ಮ್ಯಾನೇಜರು ಕಬ್ಬಿಣದ ಮೆಟ್ಟಿಲು ಹತ್ತಿ ಬಂದರು.

“ಭಾಯಿ, ಪೆಟ್ಟಿಗಿ ಸವ್ವಾ ಹನ್ನೆರಡರ ಬಸ್ಸಿಗಿ ಹೋಗಲಿಕ್ಕೇ ಬೇಕು. ರಾಮದುರ್ಗದ ಸರೂ ಅದ ಬಸ್ಸಿಗಿ ಹೋಗಾವ್ರು. ಗಡಿಯಾರ ನೋಡಾಕತ್ತಾರ. ನೋಡ್ಕೋ ಮತ್ತ.”

ಬೇರೇನೂ ಹೇಳಲಿಲ್ಲ. ಆದರೆ ಪ್ರತಿ ಸಂತೆಯ ದಿನ ಅವರು ಹೇಳುತ್ತಿದ್ದ ಮಾತೂ ಅದೇ: ನೋಡ್ಕೋ ಮತ್ತ.

ನಮ್ಮಲ್ಲಿ ಎರಡು ಮಶೀನು. ಒಂದರಲ್ಲಿ ರೀಲು ಓಡುತ್ತಿರುವಾಗ ಇನ್ನೊಂದರಲ್ಲಿ ಮುಂದಿನದನ್ನು ಏರಿಸಿಟ್ಟಿರಬೇಕು. ರೀಲು ಮುಗಿಯುವ ಮೊದಲು ತೆರೆಯ ಬಲಮೂಲೆಯಲ್ಲಿ ಒಂದು ಚುಕ್ಕೆ ಮಿನುಗುತ್ತದೆ. ಆಗ ಎರಡನೆಯ ಮಶೀನು ಬಿಡಬೇಕು. ಮತ್ತೊಂದು ಚುಕ್ಕೆಗೆ ಬೆಳಕು ಬದಲಿಸಬೇಕು. ಹನ್ನೊಂದನೆಯದು ಓಡುತ್ತಿತ್ತು. ಪೆಟ್ಟಿಗೆಯತ್ತ ಕೈ ಚಾಚಿದೆ. ಮೇಲೆ ಹನ್ನೆರಡನೆಯ ಡಬ್ಬಿ ಇತ್ತು, ಅದರ ಮೇಲೆ ನನ್ನದೇ ಗೀಟು. ಮೂರು ವಾರವಾದರೂ ಅಳಿಸಿರಲಿಲ್ಲ. ಕೈ ಅದನ್ನು ಬದಿಗಿಟ್ಟು ಹದಿಮೂರನೆಯದನ್ನು ತೆಗೆಯಿತು.

ಮರೆತೆ ಎಂದರೆ ಸುಳ್ಳಾಗುತ್ತದೆ. ಬೇಕೆಂದೇ ಮಾಡಿದೆ ಎಂದರೂ ಪೂರ್ತಿ ನಿಜವಲ್ಲ. ಇವತ್ತು ಕೆಳಗೆ ಕುಳಿತವರು ಸಂತೆಗೆ ಬಂದವರಲ್ಲ, ತೀರ್ಪು ಕೊಡಲು ಬಂದವರು ಎಂಬ ವಿಚಾರ ಆ ಕ್ಷಣದಲ್ಲಿ ನನ್ನ ತಲೆಗೆ ಬರಲೇ ಇಲ್ಲ. ನಾನು ಸಾಕ್ಷಿಯಾಗಿ ಹೇಳಬಲ್ಲದ್ದು ಇಷ್ಟೇ. ಬಾಗಿಲು ಮುಚ್ಚಿತು, ತೆರೆ ಕಪ್ಪಾಯಿತು, ಬೆಳಗಾಯಿತು, ಜೀಪು ಹೋಯಿತು. ಕೆಳಗಿನ ಮೂರು ತಲೆಗಳಲ್ಲಿ ಒಂದೂ ಅಲುಗಲಿಲ್ಲ. ಹನ್ನೆರಡು ಗಂಟೆಗೆ ಚಿತ್ರ ಮುಗಿಯಿತು. ಪೆಟ್ಟಿಗೆಗೆ ಬಸ್ಸು ಸಿಕ್ಕಿತು, ನಾಟಕ ಮಾಸ್ತರರಿಗೂ ಸಿಕ್ಕಿತು.

ಹತ್ತು ದಿನದ ಮೇಲೆ ಪತ್ರಿಕೆಯಲ್ಲಿ ಪಟ್ಟಿ ಬಂತು. ಪೋಷಕ ನಟಿ ಪ್ರಶಸ್ತಿ ಬೆಂಗಳೂರಿನ ಒಬ್ಬ ಧಾರಾವಾಹಿ ನಟಿಗೆ. ಸಿನಿಮಾಕ್ಕೂ ಧಾರಾವಾಹಿಗೂ ಕೂಡಿ ಒಂದೇ ಪ್ರಶಸ್ತಿ ಇಟ್ಟಿದ್ದರು. ಅದರ ಮೇಲೆಯೇ ಮೊದಲ ಜಗಳ. ಸವದತ್ತಿ ಮತ್ತು ರಾಮದುರ್ಗದ ನಾಟಕದವರು ಸಭೆ ಸೇರಿ, ಮುದುಕಿಯ ಪಾತ್ರ ಮಾಡಿದ ನಮ್ಮ ಅಕ್ಕನನ್ನು ಬೇಕೆಂದೇ ಕೈಬಿಟ್ಟಿದ್ದಾರೆ ಎಂದು ಸಮಿತಿಗೆ ಪತ್ರ ಬರೆದರು. ಕಾರ್ಯದರ್ಶಿ ತೀರ್ಪುಗಾರರ ಟಿಪ್ಪಣಿಯನ್ನು ಪತ್ರಿಕೆಗೆ ಕೊಟ್ಟರು. ಅದನ್ನು ನಾನು ಓದಿದ್ದು ಬಸ್ ಸ್ಟ್ಯಾಂಡಿನ ಎದುರಿನ ಚಾದಂಗಡಿಯಲ್ಲಿ. ‘ಎರಡು ಸಣ್ಣ ದೃಶ್ಯಗಳಲ್ಲಷ್ಟೇ ಬಂದುಹೋಗುವ ಪಾತ್ರವಾದ್ದರಿಂದ ಪರಿಗಣಿಸಿಲ್ಲ’ ಎಂದಿತ್ತು.

“ಎರಡ ಸೀನಂತ!” ಎಂದ ಪಕ್ಕದ ಬಾಕಿನವನು. “ಮೂರು ಮಂದಿ, ಆರು ಕಣ್ಣು, ಒಂದಕ್ಕೂ ಆಕಿ ರೊಟ್ಟಿ ಬಡಿಯೂದು ಕಾಣಲಿಲ್ಲಾ?”

“ಮಾಸ್ತರಿಗೆ ಕಣ್ಣಿನ ಮೋತಿಬಿಂದು ಆಪರೇಶನ್ ಆಗೇತೆಪಾ. ಅವರದು ಒಂದು ಕಣ್ಣು ಕಮ್ಮಿ ಹಿಡಿ,” ಎಂದ ಅಂಗಡಿಯವನು.

“ಬೆಂಗಳೂರಾಕಿ ಛಂದ ಕಾಣಸ್ತಾಳಲ್ಲ ಮತ್ತ!”

ಎಲ್ಲರೂ ನಕ್ಕರು. ನಾನು ಚಹಾದ ಕಪ್ಪು ಕೆಳಗಿಟ್ಟೆ. ಮೂರನೇ ರೀಲಿನಲ್ಲಿ ಆಕೆ ನೀರಿನ ಕೊಡ ಹೊತ್ತು ಬರುತ್ತಾರೆ. ಹದಿನಾಲ್ಕರಲ್ಲಿ ಜನರ ನಡುವೆ ನಿಂತಿರುತ್ತಾರೆ. ಎರಡು ದೃಶ್ಯ. ಟಿಪ್ಪಣಿ ಸರಿಯಾಗಿಯೇ ಇತ್ತು. ಅವರು ನೋಡಿದ್ದನ್ನೇ ಬರೆದಿದ್ದರು.

ಅಲ್ಲಿಂದ ನೇರ ಮ್ಯಾನೇಜರ ಹತ್ತಿರ ಹೋದೆ.

“ನೋಡು ಭಾಯಿ,” ಎಂದರು ಅವರು, ಬಾಗಿಲು ಮುಂದೆ ಮಾಡಿ. “ರೀಲು ಬಿಟ್ಟೇವಿ ಅಂತ ಹೊರಗ ಬಂತಂದ್ರ ಡಿಸ್ಟ್ರಿಬ್ಯೂಟರ್ ನಮಗ ಇನ್ನೊಂದ ಪಿಚ್ಚರ್ ಕೊಡಂಗಿಲ್ಲ. ನಿಂದೂ ಲೈಸೆನ್ಸ್ ಐತಿ. ಹೆಂಡ್ರು ಮಕ್ಕಳು ಅದಾರ. ಒಂದು ಫಂಕ್ಷನ್ ಮುಗೀತಂದ್ರ ಈ ಮಂದಿ ಎಲ್ಲಾ ಮರೀತಾರ.”

“ಆಕಿಗೆ ಸಿಗಬೇಕಾಗಿತ್ತೋ ಏನೋರಿ.”

“ಆಕೀನ ಏನೂ ಅನ್ನವಲ್ಲಳು! ನಾಟಕದವರು ಸಹಿ ಕೇಳಾಕ ಮನೋಳಿಗೆ ಹೋಗಿದ್ರಂತ. ‘ನಂದು ಅಂಥಾದ್ದೇನೂ ಇಲ್ಲ ಬಿಡ್ರಿ’ ಅಂದು ಚಾ ಕುಡಿಸಿ ಕಳಿಸಿದಳಂತ. ಆಕಿಗಿಲ್ಲದ್ದು ನಿನಗ್ಯಾಕ?”

ಸಹಿ ಹಾಕದ್ದನ್ನು ಎಲ್ಲರೂ ದೊಡ್ಡತನ ಎಂದುಕೊಂಡರು. ನಾನೂ ಹಾಗೆಯೇ ತಿಳಿದೆ. ಅದರಿಂದ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಆ ವಾರ ಮಶೀನಿನ ಮುಂದೆ ನಿಂತರೆ ಡಬ್ಬಿಯ ನಂಬರನ್ನು ಎರಡೆರಡು ಸಲ ಓದುತ್ತಿದ್ದೆ. ಒಮ್ಮೆ ಚುಕ್ಕೆಯೇ ತಪ್ಪಿ ತೆರೆ ಬೆಳ್ಳಗಾಗಿ ಜನ ಸಿಳ್ಳೆ ಹಾಕಿದರು. ಅಷ್ಟರಲ್ಲಿ ಕಿತ್ತೂರಿನಲ್ಲಿ ಹೆಡ್‌ಮಾಸ್ತರರ ಮನೆಯ ಕಂಪೌಂಡಿಗೆ ಯಾರೋ ‘ಕಣ್ಣಿಲ್ಲದ ಮಾಸ್ತರ’ ಎಂದು ಬರೆದ ಕಾಗದ ಅಂಟಿಸಿದರೆಂಬ ಸುದ್ದಿ ಬಂತು.

ಅವರು ಚಿತ್ರ ನೋಡಿದ ದಿನ ಕನ್ನಡಕದ ಡಬ್ಬಿಯನ್ನು ಕುರ್ಚಿಯಲ್ಲಿ ಬಿಟ್ಟು ಹೋಗಿದ್ದರು. ಅದು ನನ್ನ ಹತ್ತಿರ ಇತ್ತು. ಕೊಟ್ಟು ಬರುವ ನೆವದಿಂದ ಕಿತ್ತೂರಿಗೆ ಹೋದೆ. ಹೇಳಬೇಕೆಂದು ನಿರ್ಧರಿಸಿ ಹೋದೆನೆಂದು ಹೇಳಿದರೆ ಅದು ಸುಳ್ಳು. ಡಬ್ಬಿ ಕೊಟ್ಟು ಬರುವುದು, ಅಷ್ಟೇ ಎಂದು ಬಸ್ಸಿನಲ್ಲಿ ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ.

ಕಾಗದವನ್ನು ಕಿತ್ತಿದ್ದರು, ಅಂಟಿನ ಗುರುತು ಗೋಡೆಯ ಮೇಲಿತ್ತು. ಹೆಡ್‌ಮಾಸ್ತರರು ಪಡಸಾಲೆಯಲ್ಲಿ ಕುಳಿತಿದ್ದರು.

“ಬಾ, ಕುಂಡ್ರು. ಟಾಕೀಸಿನಾಂವ ಅಲ್ಲಾ ನೀ? ಛಲೋ ಆತು ಬಂದಿ. ಒಂದ ಮಾತು ಕೇಳತೇನಿ, ನಗಬ್ಯಾಡ ಮತ್ತ.”

“ಕೇಳ್ರಿ ಸರ.”

“ಮ್ಯಾಲಿನ ಕಿಂಡಿಯಿಂದ ನಾವು ನಿನಗ ಕಾಣತೇವೇನು?”

“ತಲಿ ಕಾಣತಾವರಿ.”

“ಆವತ್ತ ನನ್ನ ತಲಿ ವಾಲಿತ್ತೇನು?”

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರೇ ಮುಂದುವರಿಸಿದರು.

“ಆಕಿದು ರೊಟ್ಟಿ ಬಡಿಯೂ ಸೀನ್ ಒಂದು ಐತಿ, ಹತ್ತು ನಿಮಿಷದ್ದು ಐತಿ ಅಂತ ಊರೆಲ್ಲಾ ಹೇಳತೈತಿ. ನನಗ ನೆಪ್ಪ ಇಲ್ಲ. ನಾ ನಿದ್ದಿ ಹೋಗಿದ್ನೇನೋ ತಮ್ಮಾ. ಮನ್ಯಾಗೂ ಹಂಗ ಅಂತಾರ, ಪೇಪರ್ ಓದಕೋತನ ಮಲಗತೀರಿ ಅಂತ. ಮೊನ್ನಿ ಸವದತ್ತಿ ಕಾಲೇಜಿನ ಬಾಯಾರು ಫೋನ್ ಮಾಡಿದ್ರು, ‘ಸರ, ನಂದು ಚೂರು ಕಣ್ಣು ಮುಚ್ಚಿತ್ತೇನೋ, ನೀವು ನೋಡಿದ್ರೇನು’ ಅಂದ್ರು. ರಾಮದುರ್ಗದ ನಾಟಕದ ಮಾಸ್ತರು ಬಸ್ಸಿನ ಚಿಂತಿಯೊಳಗ ಗಡಿಯಾರ ನೋಡಕೋತ ಕುಂತಿದ್ನಿ, ಆಗ ಹೋತೇನೋ ಅಂತಾರ. ಅವರವರ ಪಾಪ ಅವರವರಿಗೆ. ನನಗ ನಂದು ಗೊತ್ತಾಗಬೇಕು. ಆಯುಷ್ಯ ಪೂರಾ ಹುಡುಗರಿಗೆ ‘ನೋಡಿ ಬರೀರಿ, ನೋಡಿ ಬರೀರಿ’ ಅಂದಾಂವ ನಾ.”

ಮೂವರೂ ತಪ್ಪು ತಮ್ಮದೇ ಎಂದು ತಿಳಿದು ಒಳಗೊಳಗೇ ಬೇಯುತ್ತಿದ್ದರು. ನನ್ನ ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು.

“ನಿಮ್ಮ ತಲಿ ವಾಲಿರಲಿಲ್ಲರಿ ಸರ,” ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ: ಕರೆಂಟು, ಬಸ್ಸು, ಗೀಟು.

ಅವರು ಒಳಗೆ ತಿರುಗಿ ದೊಡ್ಡ ದನಿಯಲ್ಲಿ, “ಏ, ಕೇಳಿದೇನ? ನಾ ಮಲಗಿರಲಿಲ್ಲಂತ!” ಎಂದು ಕೂಗಿದರು.

“ಯಾರಂದ್ರು?” ಎಂದು ಒಳಗಿನಿಂದ ಅವರ ಹೆಂಡತಿಯ ದನಿ ಬಂತು.

“ಸಾಕ್ಷಿದಾರ ಬಂದಾನ ಇಲ್ಲಿ!”

ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಅವರ ಮುಖ ನೋಡುತ್ತಿದ್ದಂತೆಯೇ ಬದಲಾಯಿತು. “ಮಲಗಿದ್ರ ಛಲೋ ಇತ್ತು,” ಎಂದರು. “ನನ್ನೊಬ್ಬನ ತಪ್ಪಾಗತಿತ್ತು. ಈಗ ನೋಡಿದ್ರ ನಾವು ಇಲ್ಲದ ಪಿಚ್ಚರಿಗೆ ತೀರ್ಪು ಕೊಟ್ಟಂಗಾತು.” ನನ್ನ ಮೇಲೆ ಸಿಟ್ಟಾಗುತ್ತಾರೆಂದು ಕಾದೆ. ಅವರು ವಹಿ ತೆಗೆದು, ಇನ್ನೊಮ್ಮೆ ಮೊದಲಿನಿಂದ ಹೇಳಿಸಿ, ನನ್ನ ಕೈಯಿಂದಲೇ ಬರೆಸಿ, ಕೆಳಗೆ ಸಹಿ ಮಾಡಿಸಿಕೊಂಡರು. ಸಹಿ ಮಾಡುವಾಗ ನನ್ನ ಲೈಸೆನ್ಸು ನೆನಪಾಯಿತು. ಆದರೂ ಮಾಡಿದೆ.

ಮರುದಿನ ಅವರು ಬೈಲಹೊಂಗಲಕ್ಕೆ ಬಂದು ಕಾರ್ಯದರ್ಶಿಯ ಜೊತೆ ಕುಳಿತರು. ಮ್ಯಾನೇಜರೂ ಇದ್ದರು; ನಾನು ಬಾಗಿಲ ಹತ್ತಿರ ನಿಂತಿದ್ದೆ.

“ಸರ, ಶೀಲ್ಡಿನ ಮ್ಯಾಲೆ ಹೆಸರು ಕೊರೆಸೇವಿ,” ಎಂದರು ಕಾರ್ಯದರ್ಶಿ. “ಆ ಮೇಡಮ್ಮು ಬರತಾರಂತ ಊರ ತುಂಬ ಬ್ಯಾನರ್ ಕಟ್ಟೇವಿ. ರವಿವಾರ ಫಂಕ್ಷನ್. ಈಗ ಬದಲಿ ಮಾಡಿದ್ರ ನಾಕೂ ತಾಲೂಕಿನ್ಯಾಗ ಮೊಕಾ ಎತ್ತಾಕ ಆಗಂಗಿಲ್ಲ.”

“ಆ ಹುಡುಗೀದು ಏನೂ ತಪ್ಪಿಲ್ಲ. ಕೊಟ್ಟದ್ದನ್ನ ಕಸಗೊಳ್ಳೂದು ಬ್ಯಾಡ,” ಎಂದರು ಹೆಡ್‌ಮಾಸ್ತರರು. “ನಾವು ನೋಡಲಿಲ್ಲ ಅಂತಷ್ಟ ಹೇಳೂಣು.”

“ಹೇಳೂದೂ ಬ್ಯಾಡರಿ.”

“ಕಾರ್ಯಕ್ರಮದಾಗ ನನ್ನ ಭಾಷಣ ಐತೆಲ್ಲಾ, ಎಷ್ಟು ನಿಮಿಷ ಇಟ್ಟೇರಿ?”

“ಅಧ್ಯಕ್ಷರ ಭಾಷಣ ಹತ್ತು ನಿಮಿಷರಿ.”

ಹೆಡ್‌ಮಾಸ್ತರರು ತಲೆಯಾಡಿಸಿ ಎದ್ದರು. ಹೊರಗೆ ಬಂದ ಮೇಲೆ ನನಗೆ ಮೆಲ್ಲಗೆ, “ಆ ರೀಲು ಈಗ ಎಲ್ಲೈತಿ?” ಎಂದು ಕೇಳಿದರು.

ಆಗ ಚಿತ್ರ ರಾಮದುರ್ಗದಲ್ಲಿತ್ತು. ಶನಿವಾರ ಬೆಳಿಗ್ಗೆ ರಜೆ ಹಾಕಿ ಹೋದೆ. ಅಲ್ಲಿಯ ಆಪರೇಟರ್ ನನ್ನ ಹಳೆಯ ಗೆಳೆಯ. ವಿಷಯ ಕೇಳಿ ಪೆಟ್ಟಿಗೆ ತೆರೆದು ಹನ್ನೆರಡನೆಯ ಡಬ್ಬಿ ತೋರಿಸಿದ. ನನ್ನ ಗೀಟಿನ ಮೇಲೆ ಇನ್ನೊಂದು ಗೀಟು ಬಿದ್ದು ಕತ್ತರಿಯಾಗಿತ್ತು.

“ಇದೇನೋ?”

“ನಿಂದ ಗುರುತು ಅಂತ ಗೊತ್ತಾತು. ನೀ ಬಿಟ್ಟೀ ಅಂದ್ರ ಬಿಡಬಹುದು ಅಂತ ನಾನೂ ಸಂತಿ ದಿನ ಬಿಡಾಕತ್ತೇನಿ. ಸವದತ್ತಿಯವನೂ ಬಿಟ್ಟಾನ. ನಿನ್ನಷ್ಟು ಛಲೋ ಆರಸಾವ್ರು ಯಾರದಾರಪಾ?”

ಅವನು ಹೊಗಳಲೆಂದೇ ಹೇಳಿದ್ದು. ರವಿವಾರ ಮೊದಲ ಬಸ್ಸಿನ ಕಂಡಕ್ಟರನ ಕೈಯಲ್ಲಿ ಆ ಒಂದು ಡಬ್ಬಿ ಕಳಿಸುವುದು, ಸವ್ವಾ ಹನ್ನೆರಡರ ಬಸ್ಸಿಗೆ ನಾನು ವಾಪಸು ಕಳಿಸುವುದು ಎಂದು ಮಾತಾಯಿತು. ಅವರ ಮ್ಯಾಟ್ನಿ ಮೂರಕ್ಕೆ. ಹನ್ನೆರಡನೇ ರೀಲಿನ ಹೊತ್ತಿಗೆ ಧಾರಾಳವಾಗಿ ಮುಟ್ಟುತ್ತದೆ.

“ತಪ್ಪಿಸಬ್ಯಾಡ ಮತ್ತ,” ಎಂದ. ಆಮೇಲೆ ನಕ್ಕು, “ತಪ್ಪಿದ್ರೂ ಏನಿಲ್ಲ, ನಾಳೆ ಇಲ್ಲಿ ಸಂತಿ,” ಎಂದ.

ಸಮಾರಂಭ ನಮ್ಮ ಟಾಕೀಸಿನಲ್ಲೇ, ಹತ್ತು ಗಂಟೆಗೆ. ತೆರೆಯ ಮುಂದೆ ಹಲಗೆ ಹಾಸಿ ವೇದಿಕೆ ಮಾಡಿ, ಕುರ್ಚಿ, ಮೇಜು, ಶಾಲು, ಹಣ್ಣಿನ ಬುಟ್ಟಿ ಎಲ್ಲ ಇಟ್ಟಿದ್ದರು. ಎಂಟೂವರೆಗೆ ಬರಬೇಕಾದ ಬಸ್ಸು ಒಂಬತ್ತೂವರೆಯಾದರೂ ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಾನು ಕಂಬದಿಂದ ಕಂಬಕ್ಕೆ ನಡೆಯುತ್ತಿದ್ದೆ. ಹತ್ತಕ್ಕೆ ಐದು ನಿಮಿಷ ಇರುವಾಗ ಬಂತು, ದಾರಿಯಲ್ಲಿ ಟಯರು ಪಂಕ್ಚರ್. ಡಬ್ಬಿ ಎದೆಗವಚಿಕೊಂಡು ಹಿಂದಿನ ಮೆಟ್ಟಿಲಿಂದ ಮೇಲೆ ಹೋಗಿ ಬಾಗಿಲಿಗೆ ಚಿಲಕ ಹಾಕಿದೆ. ಫಿಲ್ಮಿನ ಅಂಚುಗಳನ್ನು ಬೆರಳಿಂದ ಸವರಿ ನೋಡಿದೆ. ಒಂದು ಕಡೆ ಜೋಡಣೆ ಬಿಟ್ಟಿತ್ತು. ಅಂಟು ಹಚ್ಚಿ ಒತ್ತಿ ಹಿಡಿದುಕೊಂಡೆ. ಮಶೀನಿಗೆ ಏರಿಸಿದೆ. ಬೆಳಕು ಹೊತ್ತಿಸುವ ಕಾರ್ಬನ್ ಕಡ್ಡಿಗಳನ್ನು ಹೊಸದಾಗಿ ಹಾಕಿದೆ.

ಕಿಂಡಿಯಿಂದ ನೋಡಿದೆ. ಹಾಲು ತುಂಬಿತ್ತು. ನಾಟಕದವರು ಕಪ್ಪು ಪಟ್ಟಿ ಕಟ್ಟಿಕೊಂಡು ಹಿಂದೆ ನಿಂತಿದ್ದರು. ಹೆಡ್‌ಮಾಸ್ತರರು ಪತ್ರ ಬರೆದು ಕರೆಸಿದ್ದರಿಂದ ಮನೋಳಿಯ ಆಕೆಯೂ ಬಂದಿದ್ದರು. ಮೂರನೆಯ ಸಾಲಿನ ತುದಿಗೆ, ಇಳಕಲ್ಲ ಸೀರೆಯ ಸೆರಗು ತಲೆಯ ಮೇಲೆ ಹೊದ್ದು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಪ್ರಶಸ್ತಿಗಳನ್ನು ಕೊಟ್ಟರು. ಬೆಂಗಳೂರಿನ ನಟಿ ಶೀಲ್ಡು ತೆಗೆದುಕೊಂಡಾಗ ಅರ್ಧ ಹಾಲು ಚಪ್ಪಾಳೆ ಹೊಡೆಯಿತು, ಅರ್ಧ ಹಾಲು ಕೂಗಿತು. ಆ ಹುಡುಗಿ ಏನೆಂದು ತಿಳಿಯದೆ ಕಾರ್ಯದರ್ಶಿಯ ಮುಖ ನೋಡಿದಳು.

ಹೆಡ್‌ಮಾಸ್ತರರು ಮೈಕಿಗೆ ಬಂದರು. ಕಾಗದ ನೋಡಿ ನಾಲ್ಕೇ ಸಾಲು ಓದಿದರು. ಆ ಚಿತ್ರದ ಒಂದು ರೀಲು ತೀರ್ಪುಗಾರರಾದ ನಮಗೆ ಕಾಣಲಿಲ್ಲ. ಕಾಣದೆಯೇ ನಾವು ತೀರ್ಪು ಬರೆದೆವು. ಪ್ರಶಸ್ತಿ ಪಡೆದವರ ತಪ್ಪು ಇದರಲ್ಲಿಲ್ಲ. ಕೇಳದೆ, ಎಣಿಸದೆ ಸಹಿ ಮಾಡಿದ್ದು ನಮ್ಮ ತಪ್ಪು. ನನ್ನ ಹೆಸರು ಅವರು ಓದಲಿಲ್ಲ. ಆಮೇಲೆ ಕಾಗದ ಮಡಿಚಿ, “ನನ್ನ ಭಾಷಣಕ್ಕ ಹತ್ತು ನಿಮಿಷ ಕೊಟ್ಟಾರ. ಅದರಾಗ ನಾ ಮಾತಾಡೂದಿಲ್ಲ. ಲೈಟ್ ಆರಸ್ರಿ,” ಎಂದರು.

ಕಾರ್ಯದರ್ಶಿ ಎದ್ದು ನಿಂತರು. ಮ್ಯಾನೇಜರು ಕಿಂಡಿಯತ್ತ ಒಮ್ಮೆ ನೋಡಿ ಹೊರಗೆ ಓಡಿದರು. ಕಬ್ಬಿಣದ ಮೆಟ್ಟಿಲು ದಡದಡ ಎಂದಿತು.

“ಭಾಯಿ! ಬಾಗಲಾ ತಗಿ! ಏ ಭಾಯಿ, ಹುಚ್ಚು ಹಿಡದೈತೇನ ನಿನಗ?”

ಕಡ್ಡಿಗಳನ್ನು ಹತ್ತಿರ ತಂದೆ, ಬೆಳಕು ಹೊತ್ತಿತು. ಚಿತ್ರ ನೇರವಾಗಿ ತೆರೆಯ ಮೇಲೆ ಬಿತ್ತು. ವೇದಿಕೆಯ ಮೇಲಿದ್ದವರು ಕುರ್ಚಿ ಎತ್ತಿಕೊಂಡು ಬದಿಗೆ ಸರಿದರು. ಬೆಂಗಳೂರಿನ ನಟಿ ಶೀಲ್ಡನ್ನು ಕಾಲ ಬಳಿ ಇಟ್ಟು ಕತ್ತೆತ್ತಿ ನೋಡತೊಡಗಿದಳು. ರೊಟ್ಟಿಯ ಬಡಿತ ಶುರುವಾಯಿತು. ಬಾಗಿಲಿನ ಬಡಿತವೂ ನಿಲ್ಲಲಿಲ್ಲ. ಅಧಿಕಾರಿ ಹುಡುಗನ ಹೆಸರೆತ್ತಿದ, ತೆರೆಯ ಮೇಲೆ ಆ ಕೈ ನಿಂತಿತು. ಏಕೋ ಹೊರಗಿನ ಬಡಿತವೂ ಆಗಲೇ ನಿಂತಿತು. ಮ್ಯಾನೇಜರು ಮೆಟ್ಟಿಲ ಮೇಲೆ ಕುಳಿತುಬಿಟ್ಟಿರಬೇಕು. ಇಡೀ ಹಾಲಿನಲ್ಲಿ ನನಗೆ ಕೇಳಿಸಿದ್ದು ಮಶೀನಿನ ಸದ್ದೊಂದೇ.

ದೀಪ ಹತ್ತಿದ ಮೇಲೆ ಗದ್ದಲವಾಯಿತು. ಮರು ತೀರ್ಪು ಬೇಕೆಂದು ಕೆಲವರು ಕೂಗಿದರು, ಇದೆಲ್ಲ ಮಾಸ್ತರರ ನಾಟಕವೆಂದು ಕೆಲವರು ಕೂಗಿದರು. ಸಮಿತಿ ಪಟ್ಟಿ ಬದಲಿಸಲಿಲ್ಲ, ಮುಂದೆ ಎಂದೂ ಪ್ರಶಸ್ತಿ ಕೊಡಲೂ ಇಲ್ಲ. ಆ ಟಾಕೀಸಿನಲ್ಲಿ ನನ್ನ ಕೆಲಸ ಇನ್ನೊಂದು ತಿಂಗಳು ಉಳಿಯಿತು.

ಆದರೆ ಆ ಮಧ್ಯಾಹ್ನ ಇನ್ನೂ ಮುಗಿದಿರಲಿಲ್ಲ. ರೀಲು ಸ್ವಲ್ಪ ಬಿಸಿಯಿತ್ತು. ಸುತ್ತಿ ಡಬ್ಬಿಗೆ ಹಾಕಿ ಕೆಳಗಿಳಿದೆ. ಹನ್ನೆರಡು ದಾಟಿತ್ತು. ಮೆಟ್ಟಿಲ ಬುಡದಲ್ಲಿ ಆಕೆ ನಿಂತಿದ್ದರು.

“ನೀ ಏನಪಾ ರೀಲು ಹಾಕಾಂವ?”

“ಹೌದ್ರಿ ಅವ್ವಾರ.” ಅಲ್ಲಿಯೇ ಹೇಳಿಬಿಟ್ಟೆ. “ಬಿಟ್ಟಾಂವನೂ ನಾನರಿ. ಮಾಸ್ತರದಲ್ಲ ತಪ್ಪು. ಸಂತಿ ದಿನ ಮಂದಿಗೆ ಐದರ ಬಸ್ ಸಿಗಲಿ ಅಂತ ಇದನ್ನ ಬಿಡತಿದ್ನಿ. ಅದ ರೂಢಿಯೊಳಗ ಆವತ್ತೂ ಬಿಟ್ಟೆ.”

ಅವರು ಡಬ್ಬಿಯನ್ನು ನೋಡಿದರು, ಗೀಟುಗಳನ್ನೂ ನೋಡಿದರು.

“ಸಂತಿ ದಿನ,” ಎಂದರು. “ಪಿಚ್ಚರ್ ಬಂದ ಮೊದಲನೇ ಸಂತಿಗೆ ನಾ ಬಂದಿದ್ನಿ ತಮ್ಮಾ. ತಂಗಿ, ತಂಗಿ ಸೊಸಿ, ಓಣಿಯವರು ಆರು ಮಂದಿ. ನನ್ನ ಸೀನ್ ಈಗ ಬರತೈತಿ, ಈಗ ಬರತೈತಿ ಅಂತ ಅವರಿಗೆ ಹೇಳಕೋತ ಕುಂತಿದ್ನಿ. ಬಾಗಲಾ ಮುಚ್ಚಿತು, ಬೆಳಗಾತು. ತಂಗಿ ನನ್ನ ಮಾರಿ ನೋಡಿದ್ಲು.”

ನಾನು ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ.

“ಡೈರೆಕ್ಟರ್‌ಗೆ ಪಸಂದ ಬಿದ್ದಿಲ್ಲ, ತೆಗದಾನ ಅಂತ ತಿಳಕೊಂಡ್ನಿ. ಮಂದಿ ಹೊಗಳಿದ್ರ ಉಗರಗೋಳದಾಗ ಶೂಟಿಂಗ್ ನೋಡಿದವ್ರು ಹೇಳತಾರ ಅನಕೊಂಡ್ನಿ. ಸಹಿ ಹೆಂಗ ಮಾಡ್ಲಿ? ಇಲ್ಲದ್ದಕ್ಕ ಪ್ರಶಸ್ತಿ ಬೇಡಲೇನು?” ಆಮೇಲೆ, “ಐದರ ಬಸ್ ಸಿಕ್ಕಿತ್ತು ಬಿಡು ಆವತ್ತು. ಸೀಟೂ ಸಿಕ್ಕಿತ್ತು,” ಎಂದರು.

ಅಷ್ಟರಲ್ಲಿ ರಾಮದುರ್ಗದ ಬಸ್ಸು ಬಂದು ಟಾಕೀಸಿನ ಮುಂದೆ ಹಾರ್ನ್ ಹಾಕಿತು. ಕಂಡಕ್ಟರ್ ಡಬ್ಬಿಗಾಗಿ ಬಾಗಿಲಲ್ಲಿ ಕೈ ಚಾಚಿದ್ದ. ನಾನು ಅಂಗಿಯ ತೋಳಿನಿಂದ ಮುಚ್ಚಳದ ಗೀಟುಗಳನ್ನು ಒರೆಸಿದೆ. ಬಿಳಿ ಪುಡಿ ತೋಳಿಗೆ ಹತ್ತಿತು.

“ತಾ ಇಲ್ಲೆ, ನಾ ಒಯ್ತೇನಿ,” ಎಂದರು ಅವರು.

“ನೀವು ಮನೋಳಿಯೊಳಗ ಇಳಿಯಾವ್ರಲ್ಲರಿ? ಇದು ರಾಮದುರ್ಗಕ್ಕ ಹೋಗಬೇಕು.”

“ತುಂಡು ನೋಡಿದ್ರ ಏನು ನೋಡಿದಂಗಪಾ? ಪಿಚ್ಚರಿನ್ಯಾಗ ನೋಡಬೇಕು. ಮೂರಕ್ಕ ಐತೆಲ್ಲಾ ಆಟ?”

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮೇಲೆ ಸೆರಗು ಮುಚ್ಚಿದರು. ನನ್ನತ್ತ ನೋಡಲಿಲ್ಲ. ಬಸ್ಸು ಹೊರಟಿತು.

ಮುಂದಿನ ವಾರ ರಾಮದುರ್ಗದ ಆಪರೇಟರ್ ಪೆಟ್ಟಿಗೆಯ ಕೆಲಸಕ್ಕೆ ನಮ್ಮೂರಿಗೆ ಬಂದಾಗ ಉಳಿದದ್ದನ್ನು ಹೇಳಿದ. ಆಕೆ ನೇರವಾಗಿ ಮಶೀನ್ ಕೋಣೆಗೆ ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟು, ‘ಇದು ಹನ್ನೆರಡನೇದು. ಹನ್ನೊಂದರ ಆಮ್ಯಾಲೆ ಬರತೈತಿ’ ಎಂದು ಹೇಳಿ, ಕೆಳಗೆ ಹೋಗಿ ಟಿಕೆಟ್ ತೆಗೆದು ಕುಳಿತರಂತೆ. ಇಂಟರ್ವಲ್‌ಗೂ ಏಳಲಿಲ್ಲವಂತೆ.

“ಸಂತಿ ದಿನ ಹದಿನಾಲ್ಕೂ ರೀಲು ಓಡಿಸಿದ್ನಿ ನೋಡಪಾ,” ಎಂದ. “ಊರ ಬಸ್ ತಪ್ಪಿದ ಮಂದಿ ನನಗ ಬೈದದ್ದು ಅಷ್ಟಿಷ್ಟಲ್ಲ.”

“ಆಕಿ?”

“ಆಕಿಗೂ ತಪ್ಪಿತು. ಆಮ್ಯಾಲೆ ನೋಡಿದ್ರ, ಬಸ್ ತಪ್ಪಿದವರ ನಡಬರಕ ಸ್ಟ್ಯಾಂಡಿನ್ಯಾಗ ಕುಂತಿದ್ಲು. ಅವರು ಆಕಿನ್ನ ಗುರ್ತು ಹಿಡದು, ರೊಟ್ಟಿ ಬಡಿಯೂ ಮುದುಕಿ ಅಲ್ಲಾ ನೀ ಅಂತ ಕೇಳಾಕತ್ತಿದ್ರು.”